ನೆತ್ತಿಯ ಮೇಲಣ ಹಾದಿ

ಒಬ್ಬ ಅಧಿಕಾರಿಯ ಏಳಿಗೆಯನ್ನು ಹೊಗಳುವಾಗಲೂ, ಒಂದು ರಾಜ್ಯದ ವೈಭವವನ್ನು ವರ್ಣಿಸುವಾಗಲೂ ನಮ್ಮ ವಿದ್ಯಾವಂತರ ನಾಲಗೆಗೆ ಮೊದಲು ಬರುವುದು ‘ಜೆನಿತ್’ ಎಂಬ ಇಂಗ್ಲಿಷ್ ಶಬ್ದ. ಇಂಥವರು ತಮ್ಮ ವೃತ್ತಿಯಲ್ಲಿ ಜೆನಿತ್ತನ್ನು ಮುಟ್ಟಿದರೆಂದು ಬೀಳ್ಕೊಡುಗೆಯ ಸಭೆಗಳಲ್ಲಿ ಹೇಳುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವು ಜೆನಿತ್ತಿನಲ್ಲಿತ್ತೆಂದು ಉಪನ್ಯಾಸ ಮಾಡುತ್ತಾರೆ. ಇದಕ್ಕೆ ತಕ್ಕ ಕನ್ನಡ ಮಾತು ಯಾವುದೆಂದು ಕೇಳಿದರೆ ಸ್ವಲ್ಪ ತಡೆದು, ಇಂಗ್ಲಿಷಿನ ಬಿಗಿಯು ನಮ್ಮ ನುಡಿಗೆ ಬಾರದೆಂದೂ, ನಮ್ಮದು ಎಷ್ಟಾದರೂ ಸಾಲದ ಮೇಲೆ ಸಂಸಾರ ನಡೆಸುವ ಭಾಷೆಯೆಂದೂ ಹೇಳಿ ಮಾತು ಮುಗಿಸುತ್ತಾರೆ. ಈ ತೀರ್ಪು ನ್ಯಾಯವೇ ಎಂಬುದನ್ನು ಪರೀಕ್ಷಿಸಬೇಕಾದರೆ ಆ ಶಬ್ದವನ್ನೇ ಸಾಕ್ಷಿಗೆ ಕರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ತಾನು ಯಾವ ಊರಿನದು, ಯಾರ ಮನೆಯಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದನ್ನು ಅದೇ ಹೇಳಲಿ.

ಮೊದಲು ಅದರ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಜೆನಿತ್ ಎಂಬುದು ಮೂಲತಃ ಖಗೋಳ ಶಾಸ್ತ್ರದ ಶಬ್ದ. ಬಯಲಿನಲ್ಲಿ ನಿಂತ ಮನುಷ್ಯನ ನೆತ್ತಿಯಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆಯನ್ನು ಎಳೆದರೆ ಅದು ಆಕಾಶವನ್ನು ಎಲ್ಲಿ ಮುಟ್ಟುವುದೋ ಆ ಬಿಂದುವೇ ಜೆನಿತ್. ನಮ್ಮ ಜ್ಯೋತಿಷ ಗ್ರಂಥಗಳು ಇದನ್ನು ಖಮಧ್ಯವೆಂದು ಕರೆದಿವೆ. ‘ಖ’ ಎಂದರೆ ಆಕಾಶ, ಅದರ ನಡುವು ಖಮಧ್ಯ. ಇದಕ್ಕೆ ನೇರ ಎದುರಾಗಿ, ಕಾಲ ಕೆಳಗೆ ಭೂಮಿಯನ್ನು ತೂರಿ ಆಚೆಯ ಆಕಾಶದಲ್ಲಿರುವ ಬಿಂದುವನ್ನು ಇಂಗ್ಲಿಷರು ‘ನೇಡಿರ್’ ಎನ್ನುತ್ತಾರೆ. ಏಳಿಗೆಯ ತುದಿಗೆ ಮೊದಲನೆಯದೂ ಬೀಳಿನ ತಳಕ್ಕೆ ಎರಡನೆಯದೂ ರೂಢಿಯಲ್ಲಿ ನಿಂತಿವೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಖಮಧ್ಯವೆಂಬುದು ಮೇರು ಪರ್ವತದ ಹಾಗೆ ಒಂದೇ ಕಡೆ ನೆಲೆಯಾಗಿರುವ ಸ್ಥಳವಲ್ಲ. ಧಾರವಾಡದಲ್ಲಿ ನಿಂತವನಿಗೆ ಒಂದು, ಮಂಗಳೂರಿನಲ್ಲಿ ನಿಂತವನಿಗೆ ಇನ್ನೊಂದು. ಎಷ್ಟು ತಲೆಗಳೋ ಅಷ್ಟು ಖಮಧ್ಯಗಳು. ನಮ್ಮ ನೆತ್ತಿಯ ಬಿಂದುವು ಭೂಗೋಲದ ಆಚೆ ಬದಿಯಲ್ಲಿ ಪೆಸಿಫಿಕ್ ಸಾಗರವನ್ನು ದಾಟುತ್ತಿರುವ ನಾವಿಕನಿಗೆ ಅಧೋಬಿಂದುವಾಗಿರುತ್ತದೆ.

ಇನ್ನು ಹುಟ್ಟಿನ ವಿಚಾರ. ಈ ಶಬ್ದವು ಇಂಗ್ಲಿಷರ ಸ್ವಂತದ್ದಲ್ಲ; ಇಂಗ್ಲಿಷಿನ ತಾಯಿಬೇರಾದ ಜರ್ಮಾನಿಕ್ ಭಾಷೆಗಳದ್ದೂ ಅಲ್ಲ; ಗ್ರೀಕ್ ಲ್ಯಾಟಿನ್ನುಗಳ ಕುಲಕ್ಕೂ ಸೇರಿದ್ದಲ್ಲ. ಇದು ಅರಬ್ಬೀ ಶಬ್ದ. ಬಾಗ್ದಾದಿನಲ್ಲಿಯೂ ಸ್ಪೇಯಿನ್ ದೇಶದ ಮುಸಲ್ಮಾನ ಪಟ್ಟಣಗಳಲ್ಲಿಯೂ ಗ್ರಹಗಣಿತವನ್ನು ಬೆಳೆಸಿದ ವಿದ್ವಾಂಸರು ಈ ಬಿಂದುವಿಗೆ ‘ಸಮ್ತ್ ಅರ್ ರಾಸ್’ ಎಂದು ಹೆಸರಿಟ್ಟಿದ್ದರು. ‘ಸಮ್ತ್’ ಎಂದರೆ ಹಾದಿ ಅಥವಾ ದಿಕ್ಕು. ‘ರಾಸ್’ ಎಂದರೆ ತಲೆ. ತಲೆಯ ಮೇಲಣ ಹಾದಿ ಎಂಬುದೇ ಇಡೀ ಪದದ ಅರ್ಥ. ಹನ್ನೆರಡನೆಯ ಶತಮಾನದಲ್ಲಿ ಯೂರೋಪಿನ ವಿದ್ಯಾರ್ಥಿಗಳು ಜ್ಞಾನವನ್ನರಸಿ ಸ್ಪೇಯಿನ್ ದೇಶದ ಟೊಲೆಡೊ ಪಟ್ಟಣಕ್ಕೆ ಹೋಗುತ್ತಿದ್ದರು. ಇಟಲಿಯ ಕ್ರೆಮೋನದ ಜೆರಾರ್ಡನು ಗ್ರೀಕ್ ಜ್ಯೋತಿಷಿ ಟಾಲೆಮಿಯ ಮಹಾಗ್ರಂಥವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಿರುಗಿಸಿ 1175ರಲ್ಲಿ ಮುಗಿಸಿದ್ದು ಆ ಊರಿನಲ್ಲಿಯೇ. ಅದೇ ಶತಮಾನದಲ್ಲಿ ನಮ್ಮಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವೆಂಬ ಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ರಚಿಸುತ್ತಿದ್ದನೆಂಬುದನ್ನು ವಾಚಕರು ಮರೆಯಬಾರದು.

ಹೀಗೆ ಅರಬ್ಬೀ ಗ್ರಂಥಗಳು ಲ್ಯಾಟಿನ್ನಿಗೆ ಇಳಿಯುತ್ತಿದ್ದ ಕಾಲದಲ್ಲಿ ಈ ಪದಕ್ಕೆ ಎರಡು ಅಪಘಾತಗಳಾದವು. ಮೊದಲನೆಯದಾಗಿ, ಉದ್ದವಾದ ಹೆಸರು ಮೊಟಕಾಗಿ ‘ತಲೆ’ ಎಂಬ ಭಾಗ ಬಿದ್ದುಹೋಯಿತು. ‘ಹಾದಿ’ ಮಾತ್ರ ಉಳಿಯಿತು. ಎರಡನೆಯದು ಲಿಪಿಕಾರರ ಸ್ಖಾಲಿತ್ಯ. ಅಂದಿನ ಲ್ಯಾಟಿನ್ ಕೈಬರಹದಲ್ಲಿ ‘ಎಮ್’ ಅಕ್ಷರವೆಂದರೆ ಪಕ್ಕಪಕ್ಕದಲ್ಲಿ ನಿಂತ ಮೂರು ಗೀಟುಗಳು. ‘ಎನ್’ ಎಂದರೆ ಎರಡು, ‘ಐ’ ಎಂದರೆ ಒಂದು. ‘ಎಮ್’ ಎಂದು ಓದಬೇಕಾದ ಮೂರು ಗೀಟುಗಳನ್ನು ಯಾರೋ ‘ಎನ್’, ‘ಐ’ ಎಂದು ಒಡೆದು ಓದಿದರು. ‘ಸೆಮ್ತ್’ ಎಂದಿದ್ದದ್ದು ‘ಸೆನಿತ್’ ಆಯಿತು. ಹಿಂದಿನವನ ತಪ್ಪನ್ನು ಮುಂದಿನವನು ನಂಬಿ ನಕಲು ಮಾಡಿದನು. ಓಲೆಗರಿಗಳ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಆ ತಪ್ಪು ರೂಪವೇ ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿಗೆ ಬಂದಿತು. ಕವಿ ಚಾಸರನು ಹತ್ತು ವರ್ಷದ ತನ್ನ ಮಗ ಲೂಯಿಗಾಗಿ 1391ರಲ್ಲಿ ಬರೆಯತೊಡಗಿದ ಆಸ್ಟ್ರೋಲೇಬ್ ಯಂತ್ರದ ಕೈಪಿಡಿಯಲ್ಲಿ ಈ ಶಬ್ದವುಂಟು. ಲ್ಯಾಟಿನ್ ಅರಿಯದ ಹುಡುಗನಿಗೆ ತಾಯ್ನುಡಿಯಲ್ಲಿಯೇ ಶಾಸ್ತ್ರವನ್ನು ತಿಳಿಸಬೇಕೆಂದು ಆ ಮಹಾಕವಿಯು ಈ ಕೆಲಸಕ್ಕೆ ಕೈಹಾಕಿದನು.

ಆಕಾಶದ ಬಿಂದುವು ಮನುಷ್ಯನ ಭಾಗ್ಯದ ತುದಿಯಾದದ್ದು ಇದಕ್ಕೂ ಇನ್ನೂರು ವರ್ಷಗಳ ಅನಂತರ, ಸುಮಾರು 1600ರ ಹೊತ್ತಿಗೆ. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದಲ್ಲಿ ರಾಜ್ಯಭ್ರಷ್ಟನಾದ ಪ್ರಾಸ್ಪೆರೋ ತನ್ನ ಭಾಗ್ಯೋದಯದ ವಿಚಾರವನ್ನು ಮಗಳಿಗೆ ಹೇಳುವಾಗ ಈ ಮಾತನ್ನು ಬಳಸುತ್ತಾನೆ. ಅಂದಿನಿಂದ ಇಂದಿನವರೆಗೆ ಕಿರೀಟಧಾರಿಗಳಿಂದ ಹಿಡಿದು ಚೆಂಡಾಟದ ಪಟುಗಳವರೆಗೆ ಯಾರ ಏಳಿಗೆಗೂ ಇದು ಸಲ್ಲುತ್ತ ಬಂದಿದೆ. ಆದರೆ ಬೇರನ್ನು ಕೆದಕಿ ನೋಡಿದರೆ ಈ ಶಬ್ದದಲ್ಲಿ ಶಿಖರವೂ ಇಲ್ಲ, ಸಿಂಹಾಸನವೂ ಇಲ್ಲ, ಬರಿಯ ಹಾದಿಯುಂಟು.

ಇದರ ಒಡಹುಟ್ಟುಗಳನ್ನೂ ಪರಿಚಯ ಮಾಡಿಕೊಳ್ಳೋಣ. ದಿಕ್ಕನ್ನು ಕೋನದಿಂದ ಅಳೆಯುವುದಕ್ಕೆ ಮೋಜಣಿಯವರು ‘ಅಜಿಮತ್’ ಎನ್ನುತ್ತಾರೆ. ಅದು ಇದೇ ‘ಸಮ್ತ್’ ಶಬ್ದದ ಬಹುವಚನ. ‘ನೇಡಿರ್’ ಎಂಬುದು ಅರಬ್ಬಿಯಲ್ಲಿ ‘ಎದುರಿನದು’ ಎಂದಷ್ಟೇ ಅರ್ಥ ಕೊಡುವ ‘ನಜೀರ್’. ಹಾಗಾದರೆ ಅರಬ್ಬರೇ ಈ ವಿದ್ಯೆಯ ಮೂಲ ಧನಿಕರೇ? ಅವರೂ ಸಾಲ ತಂದವರೇ, ಮತ್ತು ಆ ಸಾಲದ ಒಂದು ಭಾಗ ಭರತಖಂಡದ್ದು. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಸಿದ್ಧಾಂತದ ವಿಚಾರಗಳು, 762ರಲ್ಲಿ ಬಾಗ್ದಾದನ್ನು ಕಟ್ಟಿಸಿದ ಖಲೀಫ ಅಲ್ ಮನ್ಸೂರನ ಆಸ್ಥಾನವನ್ನು ಮುಟ್ಟಿ ಅರಬ್ಬಿಯಲ್ಲಿ ‘ಸಿಂದ್ ಹಿಂದ್’ ಎಂಬ ಹೆಸರಿನಿಂದ ಬೆಳಗಿದವು. ಗ್ರಹದ ಕಕ್ಷೆಯಲ್ಲಿ ಭೂಮಿಯಿಂದ ಅತ್ಯಂತ ದೂರವಾದ ಬಿಂದುವಿಗೆ ನಮ್ಮ ಸಿದ್ಧಾಂತಿಗಳು ‘ಉಚ್ಚ’ವೆಂದಿದ್ದರು, ನಮ್ಮ ಊರುಗಳಲ್ಲಿ ಜಾತಕ ನೋಡುವವರು ಗುರು ಉಚ್ಚನಾಗಿದ್ದಾನೆ ಎನ್ನುವಾಗ ಅದೇ ಶಬ್ದವನ್ನು ಸ್ವಲ್ಪ ಬೇರೆ ಅರ್ಥದಲ್ಲಿ ಆಡುತ್ತಾರೆ. ಈ ‘ಉಚ್ಚ’ವು ಪಾರಸಿಯ ಮೂಲಕ ಅರಬ್ಬಿಯಲ್ಲಿ ‘ಔಜ್’ ಆಗಿ, ಲ್ಯಾಟಿನ್ನಿನಲ್ಲಿ ‘ಔಕ್ಸ್’ ಆಗಿ ನಿಂತಿತೆಂಬುದು ವಿದ್ವಾಂಸರ ಮತ. ಇಂದು ಸ್ಪೇಯಿನ್ ದೇಶದವನು ಏಳಿಗೆಯ ತುದಿಗೆ ‘ಔಖೆ’ ಎನ್ನುತ್ತಾನೆ. ತಾನು ಆಡುತ್ತಿರುವುದು ಆರ್ಯಭಟನ ವಂಶದವರ ‘ಉಚ್ಚ’ವೆಂದು ಅವನಿಗೆ ತಿಳಿದಿರಲಾರದು.

ತಪ್ಪು ಓದಿಕೆಯೂ ಜೆನಿತ್ ಒಂದರ ಪಾಲಿಗೆ ಮಾತ್ರ ಬಂದದ್ದಲ್ಲ. ಕೋನಗಣಿತವನ್ನು ಓದುವ ಪ್ರತಿಯೊಬ್ಬ ಬಾಲಕನೂ ಕಲಿಯುವ ‘ಸೈನ್’ ಎಂಬ ಶಬ್ದದ ಕಥೆ ಇದಕ್ಕಿಂತ ವಿಚಿತ್ರ. 499ರ ‘ಆರ್ಯಭಟೀಯ’ದ ‘ಜ್ಯಾ’ ಎಂಬ ಶಬ್ದವನ್ನು, ಅಂದರೆ ಬಿಲ್ಲಿನ ಹೆದೆಯನ್ನು, ಅರಬ್ಬರು ‘ಜೀಬ’ ಎಂದು ಬರೆದುಕೊಂಡರು. ಅವರ ಬರಹದಲ್ಲಿ ಸ್ವರಗಳನ್ನು ಬಿಟ್ಟು ಬರೆಯುವುದು ವಾಡಿಕೆಯಾದ್ದರಿಂದ ಅದನ್ನು ‘ಜೈಬ್’ ಎಂದೂ ಓದಲು ಅವಕಾಶವಿತ್ತು. ಜೈಬ್ ಎಂದರೆ ಉಡುಪಿನ ಮಡಿಲು. ಲ್ಯಾಟಿನ್ ಅನುವಾದಕರು ಹಾಗೆಯೇ ತಿಳಿದು ಮಡಿಲಿಗೆ ತಮ್ಮಲ್ಲಿದ್ದ ‘ಸೈನಸ್’ ಶಬ್ದವನ್ನು ಇಟ್ಟುಬಿಟ್ಟರು. ಬಿಲ್ಲಿನ ಹೆದೆಯು ಸೆರಗಿನ ಮಡಿಲಾಯಿತು. ಆದರೂ ಗಣಿತದ ಒಂದು ಲೆಕ್ಕವೂ ಕೆಡಲಿಲ್ಲ.

ಇದನ್ನೆಲ್ಲ ನಾವು ಇಂಗ್ಲಿಷರನ್ನು ಹಳಿಯಲೆಂದು ಹೇಳುತ್ತಿಲ್ಲ. ಅವರಿಂದ ಕಲಿಯತಕ್ಕದ್ದು ಇಲ್ಲಿಯೇ ಉಂಟು. ಸಾಲ ತಂದ ಶಬ್ದವೆಂದು ಅವರು ನಾಚಲಿಲ್ಲ. ತಪ್ಪಾಗಿ ಬಂದ ಶಬ್ದವೆಂದು ಹೊರಗೆ ನಿಲ್ಲಿಸಲಿಲ್ಲ. ಅದನ್ನು ಹಡಗಿಗೆ ಹತ್ತಿಸಿದರು, ವೇಧಶಾಲೆಗೆ ತಂದರು, ನಾಟಕದ ಪಾತ್ರದ ಬಾಯಿಗೆ ಇಟ್ಟರು, ಮಗನ ಪಾಠಕ್ಕೂ ಬಳಸಿದರು. ಆರು ನೂರು ವರ್ಷ ದುಡಿಸಿಕೊಂಡದ್ದರಿಂದ ಅದು ಅವರದಾಯಿತು. ಭಾಷೆಗೆ ಸಾಲವು ಕೇಡಲ್ಲ. ತಂದ ಸಾಲವನ್ನು ಉಪಯೋಗಿಸದೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಕೇಡು.

ಸಾಲವೆಂಬ ಆಕ್ಷೇಪಕ್ಕೆ ನಮ್ಮ ಪೂರ್ವಿಕರು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಸಂಸ್ಕೃತದ ಶಬ್ದವು ಕನ್ನಡದ ಮನೆಗೆ ಬರುವಾಗ ಯಾವ ಅಕ್ಷರವನ್ನು ಬಿಟ್ಟು ಯಾವುದನ್ನು ತೊಡಬೇಕೆಂದು ನಿಯಮ ಮಾಡಿದನು. ಅದೇ ಶತಮಾನದ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು, ದೇಶ್ಯ ಮತ್ತು ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಕಟ್ಟಿದನು. ಬಂದ ನೆಂಟನಿಗೆ ಮನೆಯ ಉಡುಪು ತೊಡಿಸುವ ಶಾಸ್ತ್ರವನ್ನು ಏಳು ಶತಮಾನಗಳ ಹಿಂದೆಯೇ ಬರೆದಿಟ್ಟ ಜನಕ್ಕೆ ನೆಂಟರ ಭಯವೇಕೆ? ‘ಜೆನಿತ್’ ಎಂಬುದಾದರೂ ಅರಬ್ಬೀ ಶಬ್ದದ ಇಂಗ್ಲಿಷ್ ತದ್ಭವವಲ್ಲದೆ ಮತ್ತೇನು? ನಮ್ಮ ಅಧಿಕಾರಿಗಳು ತಮ್ಮ ಮೇಜಿನ ಮೇಲಿನ ಕಾಗದಗಳನ್ನೇ ನೋಡಲಿ: ಅರ್ಜಿ, ವಕೀಲ, ಜಿಲ್ಲೆ, ತಾಲ್ಲೂಕು, ತಾರೀಖು, ಖಜಾನೆ, ಇವೆಲ್ಲ ಅದೇ ಅರಬ್ಬೀ ಮೂಲದಿಂದ ಬಂದವು. ಹಳ್ಳಿಯ ಮುದುಕಿಯು ‘ಅರ್ಜಿ ಕೊಟ್ಟೆ’ ಎನ್ನುವಾಗ ಅದು ಪರದೇಶದ ಮಾತೆಂದು ಯಾರೂ ತಡೆಯುವುದಿಲ್ಲ.

ಹಾಗಿದ್ದರೂ ಜೆನಿತ್ತಿನ ವಿಷಯದಲ್ಲಿ ನಮಗೆ ಸಾಲದ ಅವಶ್ಯಕತೆಯೇ ಇಲ್ಲವೆಂಬುದು ಸೋಜಿಗ. ರಾಜ್ಯವೊಂದರ ಏಳಿಗೆಗೆ ಉಚ್ಛ್ರಾಯವೆಂಬ ಶಬ್ದವುಂಟು, ಗುಣ ಅಥವಾ ಭಾವದ ಕೊನೆಯ ಮಟ್ಟಕ್ಕೆ ಪರಾಕಾಷ್ಠೆಯುಂಟು, ಶಾಸ್ತ್ರಕ್ಕೆ ಖಮಧ್ಯವುಂಟು. ಇವು ಪಂಡಿತರ ಮಾತುಗಳೆಂದು ಹೇಳುವವರು ಹೊಲಕ್ಕೆ ಹೋಗಿ ಕೇಳಲಿ. ನಮ್ಮ ರೈತನು ‘ಹೊತ್ತು ನೆತ್ತಿಗೆ ಬಂತು’ ಎನ್ನುತ್ತಾನೆ. ಬಾಗ್ದಾದಿನ ಪಂಡಿತನು ತಲೆಯ ಮೇಲಣ ಹಾದಿಯೆಂದು ಹೇಳಿದ್ದನ್ನೇ ಇವನು ಯಾರಿಂದಲೂ ಕಲಿಯದೆ ನೆತ್ತಿಯೆಂದನು. ಇಂಗ್ಲಿಷಿಗೆ ಬರುವ ಹಾದಿಯಲ್ಲಿ ಕಳೆದುಹೋದ ತಲೆಯು ಕನ್ನಡದ ಮಾತಿನಲ್ಲಿ ಇನ್ನೂ ಸ್ವಸ್ಥಾನದಲ್ಲಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಅಷ್ಟೇ ಅಲ್ಲ, ರೈತನ ಮಾತು ನಮ್ಮ ನಾಡಿನಲ್ಲಿ ಅಕ್ಷರಶಃ ಸತ್ಯವಾಗುವ ದಿನಗಳುಂಟು. ಸೂರ್ಯನು ನಿಜವಾಗಿ ಖಮಧ್ಯಕ್ಕೆ ಬರುವುದು ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ದೇಶಗಳಲ್ಲಿ ಮಾತ್ರ. ಕರ್ನಾಟಕವೆಲ್ಲವೂ ಈ ವಲಯದ ಒಳಗಿರುವುದರಿಂದ ನಮ್ಮ ಪ್ರತಿಯೊಂದು ಊರಿಗೂ ವರ್ಷಕ್ಕೆ ಎರಡು ಸಲ ಈ ಯೋಗವುಂಟು. 13 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಹತ್ತಿರವಾದ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ, ಉತ್ತರದ ತುದಿಯ ಬೀದರಿನಲ್ಲಿ ಮೇ ತಿಂಗಳ ಎರಡನೆಯ ವಾರದಲ್ಲಿಯೂ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿಯೂ, ನೆಟ್ಟಗೆ ನಿಲ್ಲಿಸಿದ ಕಂಬದ ನೆರಳು ನಡುಹಗಲಲ್ಲಿ ಅದರ ಬುಡದಲ್ಲಿಯೇ ಅಡಗುತ್ತದೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಈಗ ಅದನ್ನು ನೋಡಿ ಸಂತೋಷಪಡುವುದುಂಟು. ಲಂಡನ್ನಿಗೆ ಈ ಭಾಗ್ಯವಿಲ್ಲ. ಜೂನ್ ತಿಂಗಳ ಅತಿ ದೀರ್ಘವಾದ ಹಗಲಿನಲ್ಲಿಯೂ ಅಲ್ಲಿಯ ಸೂರ್ಯನು ಸುಮಾರು 62 ಡಿಗ್ರಿ ಏರಿ ಇಳಿಯಲು ತೊಡಗುತ್ತಾನೆ. ನೆತ್ತಿಗೆ ಇನ್ನೂ 28 ಡಿಗ್ರಿ ಉಳಿದಿರುತ್ತದೆ. ಸೂರ್ಯನನ್ನು ನೆತ್ತಿಯ ಮೇಲೆ ಎಂದೂ ಕಾಣದ ಊರಿನವರ ಶಬ್ದವಿಲ್ಲದೆ ತಮ್ಮ ಏಳಿಗೆಯನ್ನು ಹೇಳಲಾರೆವೆಂದು, ವರ್ಷಕ್ಕೆ ಎರಡು ಬಾರಿ ಅವನನ್ನು ನೆತ್ತಿಯ ಮೇಲೆ ಹೊರುವವರು ಹೇಳುತ್ತಿದ್ದಾರೆ. ದೂರದ ಬೆಟ್ಟ ನುಣ್ಣಗೆ!

ಈ ಬಿಂದುವಿಗೂ ನಮ್ಮ ಚರಿತ್ರೆಗೂ ಇನ್ನೊಂದು ಸಂಬಂಧವಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಮೈಸೂರು ಸೀಮೆಯನ್ನು ಅಳೆಯಲು ಹೊರಟು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಹಾಕಿದನು. ಇಡೀ ಭರತಖಂಡವನ್ನು ತ್ರಿಕೋನಗಳಿಂದ ಅಳೆದ ಮಹಾಮೋಜಣಿಯು ಬೆಳೆದದ್ದು ಈ ಉದ್ಯಮದಿಂದ. ಅವನ ಮುಖ್ಯ ಉಪಕರಣಗಳಲ್ಲಿ ಒಂದು ‘ಜೆನಿತ್ ಸೆಕ್ಟರ್’. ನಕ್ಷತ್ರವು ಖಮಧ್ಯದಿಂದ ಎಷ್ಟು ಸರಿದಿದೆಯೆಂದು ಅಳೆದು ತಾನು ನಿಂತ ಸ್ಥಳದ ಅಕ್ಷಾಂಶವನ್ನು ತಿಳಿಯುವುದು ಅದರ ಕೆಲಸ. ಆದರೆ ಖಮಧ್ಯವು ಎಲ್ಲಿದೆಯೆಂದು ಯಂತ್ರಕ್ಕೆ ತೋರಿಸುವವರಾರು? ಗಾರೆಯವನು ಗೋಡೆಯ ನೇರವನ್ನು ನೋಡುವ ತೂಗುಗುಂಡೇ ಅದನ್ನು ತೋರಿಸಬೇಕು. ದಾರಕ್ಕೆ ಕಟ್ಟಿದ ಗುಂಡನ್ನು ಭೂಮಿಯು ಕೆಳಕ್ಕೆ ಎಳೆಯುವ ದಿಕ್ಕನ್ನು ಕಂಡುಕೊಂಡು, ಅದಕ್ಕೆ ನೇರ ಎದುರಾದದ್ದು ಖಮಧ್ಯವೆಂದು ನಿರ್ಣಯಿಸುತ್ತಾರೆ. ತಾನು ನಿಂತ ನೆಲದ ಎಳೆತವನ್ನು ಅರಿಯದವನಿಗೆ ತನ್ನ ಎತ್ತರವು ತಿಳಿಯುವುದಿಲ್ಲವೆಂಬುದನ್ನು ಈ ಯಂತ್ರದಿಂದಲೇ ಕಲಿಯಬಹುದು.

ನಮ್ಮ ನಾಡನ್ನು ಹೀಗೆ ಅಳೆದವರ ಸಾಮ್ರಾಜ್ಯಕ್ಕೂ ಅವರ ಲೇಖಕರು ಇದೇ ಶಬ್ದವನ್ನು ಬಳಸಿದ್ದರು. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆಯು ದೆಹಲಿಯಲ್ಲಿ ದರ್ಬಾರು ನಡೆಸಿ ರಾಜಧಾನಿಯನ್ನು ಕಲಕತ್ತೆಯಿಂದ ಅಲ್ಲಿಗೆ ತರುವುದಾಗಿ ಸಾರಿದಾಗ, ಆ ಪ್ರಭುತ್ವವು ಇನ್ನೆಂದಿಗೂ ಇಳಿಯದೆಂದು ತೋರಿದ್ದಿತು. ದೆಹಲಿಯು ಕರ್ಕಾಟಕ ವೃತ್ತಕ್ಕೆ ಉತ್ತರದಲ್ಲಿರುವುದರಿಂದ ಅಲ್ಲಿಯೂ ಸೂರ್ಯನು ನೆತ್ತಿಗೆ ಬರುವುದಿಲ್ಲವೆಂಬುದನ್ನು ದರ್ಬಾರಿನ ಜ್ಯೋತಿಷಿಗಳು ಯಾರೂ ಅರಿಕೆ ಮಾಡಿಕೊಂಡಂತಿಲ್ಲ. ಮೂವತ್ತಾರನೆಯ ವರ್ಷದಲ್ಲಿ, 1947ರ ಆಗಸ್ಟ್ 15ರಂದು, ಅದೇ ನಗರದಲ್ಲಿ ಆ ಧ್ವಜವು ಇಳಿಯಿತು. ಖಗೋಳದ ನಿಯಮವೂ ಹೀಗೆಯೇ. ಸೂರ್ಯನು ಖಮಧ್ಯದಲ್ಲಿ ಕ್ಷಣವೊಂದಕ್ಕಿಂತ ಹೆಚ್ಚು ನಿಲ್ಲುವವನಲ್ಲ. ನಾಲ್ಕು ನಿಮಿಷಗಳಲ್ಲಿ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ, ಅಡಗಿದ್ದ ನೆರಳು ಮತ್ತೊಂದು ಪಾರ್ಶ್ವದಲ್ಲಿ ತಲೆದೋರುತ್ತದೆ. ಹಾದಿಯೆಂದು ಹೆಸರಿಟ್ಟವರು ತಿಳಿದೇ ಇಟ್ಟರು. ಹಾದಿಯಲ್ಲಿ ನಡೆಯಬಹುದು, ಮನೆ ಕಟ್ಟಲಾಗದು.

ಕನ್ನಡಿಗರಾದ ನಾವೂ ಈ ನಿಯಮಕ್ಕೆ ಹೊರತಲ್ಲ. 1956ರಲ್ಲಿ ನಾಡು ಒಂದಾಯಿತು. 1963ರಲ್ಲಿ ಕನ್ನಡವು ಶಾಸನದಿಂದ ಆಡಳಿತ ಭಾಷೆಯಾಯಿತು. 2008ರಲ್ಲಿ ಶಾಸ್ತ್ರೀಯ ಭಾಷೆಯೆಂಬ ಮನ್ನಣೆಯೂ ದೊರೆಯಿತು. ಇವುಗಳಲ್ಲಿ ಯಾವುದೊಂದನ್ನೂ ನೆತ್ತಿಯೆಂದು ಭಾವಿಸಿ ಕುಳಿತವನಿಗೆ ನೆರಳು ಆಗಲೇ ಮಗ್ಗುಲಲ್ಲಿ ಬೆಳೆಯುತ್ತಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಆರಂಭಿಸಿದರು. ಆ ಪತ್ರಿಕೆಯು ಬಹುಕಾಲ ಬಾಳಲಿಲ್ಲವಾದರೂ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಅಂದೇ ಉತ್ತರವಾಯಿತು. ಶಬ್ದಗಳು ಮೊದಲು ಸಿದ್ಧವಾಗಲಿ, ಬಳಿಕ ಬರೆಯೋಣವೆಂದು ಅವರು ಕಾಯಲಿಲ್ಲ. ಬರೆಯುತ್ತ ಹೋದಂತೆ ಶಬ್ದಗಳು ಬಂದವು.

ಆದುದರಿಂದ ನಮ್ಮ ವಾಚಕರಲ್ಲಿ, ವಿಶೇಷವಾಗಿ ಕಚೇರಿಗಳಲ್ಲಿ ಕುಳಿತು ಟಿಪ್ಪಣಿ ಬರೆಯುವ ಮಹನೀಯರಲ್ಲಿ, ನಮ್ಮ ವಿಜ್ಞಾಪನೆ ಇಷ್ಟೇ. ಇಂಗ್ಲಿಷನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಜೆನಿತ್ ಎಂಬ ಶಬ್ದವನ್ನು ಗಡಿಪಾರು ಮಾಡಿರೆಂದೂ ಹೇಳುವುದಿಲ್ಲ. ಅದು ಬಾಗ್ದಾದು, ಟೊಲೆಡೊ, ಪ್ಯಾರಿಸ್, ಲಂಡನ್ನುಗಳನ್ನು ದಾಟಿ ಬಂದ ನೆಂಟ, ಮರ್ಯಾದೆಯಿಂದಲೇ ಕಾಣೋಣ. ಕನ್ನಡಕ್ಕೆ ಎತ್ತರವನ್ನು ಹೇಳುವ ಶಕ್ತಿಯಿಲ್ಲವೆಂಬ ಮಾತನ್ನು ಮಾತ್ರ ಇನ್ನು ಮುಂದೆ ಆಡಬೇಡಿರಿ. ನಾಳೆ ಒಂದು ವರದಿಯನ್ನೋ, ಒಂದು ಭಾಷಣವನ್ನೋ, ಮಕ್ಕಳಿಗೆ ಒಂದು ಪಾಠವನ್ನೋ ಬರೆಯಬೇಕಾಗಿ ಬಂದಾಗ, ಚಾಸರನು ಮಗನಿಗಾಗಿ ಮಾಡಿದಂತೆ, ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಶಬ್ದ ಸಾಲದಿದ್ದರೆ ಸಾಲ ತನ್ನಿರಿ. ತಂದದ್ದನ್ನು ನಾಲ್ಕು ಸಲ ಬಳಸಿರಿ. ತಿದ್ದುವ ಕೆಲಸವನ್ನು ಕಾಲವೂ ಕೇಶಿರಾಜನ ವಂಶದವರೂ ನೋಡಿಕೊಳ್ಳುತ್ತಾರೆ. ಪ್ರತಿಯೊಬ್ಬ ಮನುಷ್ಯನಿಗೂ ಅವನು ನಿಂತಲ್ಲಿಯೇ ಒಂದು ಖಮಧ್ಯವುಂಟೆಂದು ಶಾಸ್ತ್ರವು ಹೇಳುತ್ತದೆ. ಅದನ್ನು ಹುಡುಕಿಕೊಂಡು ಕನ್ನಡಿಗನು ಪರಸ್ಥಳಕ್ಕೆ ಹೋಗಬೇಕಾದದ್ದಿಲ್ಲ.